ಅಯಸ್ಕಾಂತಕ್ಕೆ ಪ್ರವೇಶವಿಲ್ಲ

ಕೊಲ್ಲಿ ನಾಡಿನ ಅಲ್ ಕುಸೈಸ್ ಬಡಾವಣೆಯ ಗೋದಾಮೊಂದರ ಮಹಡಿಯಲ್ಲಿ ನಮ್ಮ ಲ್ಯಾಬು. ಭೂಮಿಯ ಕಾಂತಕ್ಷೇತ್ರ ಅಳೆದು ಡ್ರೋನುಗಳಿಗೆ ದಿಕ್ಕು ತಿಳಿಸುವ ಸೆನ್ಸರ್‌ಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಹತ್ತಿರ ಒಂದು ಸ್ಕ್ರೂಡ್ರೈವರ್ ಸುಳಿದರೂ ಮುನಿಸಿಕೊಳ್ಳುವ ಈ ಮಹಾನುಭಾವರಿಗೆ ನಮ್ಮ ಸಾಹೇಬರು ಆರಿಸಿದ ಜಾಗ, ಸರಕಿನ ಲಿಫ್ಟಿನ ಪಕ್ಕ. ಅಲ್ಲಿ ಗಾಳಿ ಬೆಳಕು ಚೆನ್ನಾಗಿದೆಯಂತೆ.

ಲಿಫ್ಟ್ ಹತ್ತಿಳಿದಾಗಲೆಲ್ಲ ಸೆನ್ಸರಿನ ಅಂಕಿ ಕುಣಿಯುತ್ತಿತ್ತು. ಉಡುಪಿ ಕಡೆಯವರಾದ ಸಾಹೇಬರು ಮೊದಲು ಚಪಾತಿ ಸುತ್ತುವ ಫಾಯಿಲ್ ತರಿಸಿದರು. ಅದಕ್ಕೆ ಅಯಸ್ಕಾಂತ ಹೆದರುವುದಿಲ್ಲವೆಂದು ಅವರಿಗೆ ಮನವರಿಕೆಯಾಗುವಷ್ಟರಲ್ಲಿ ಅಡುಗೆಮನೆಯ ಫಾಯಿಲ್ ಎಲ್ಲ ಮುಗಿದಿತ್ತು. ಕೊನೆಗೆ ಹೊರದೇಶದಿಂದ ವಿಶೇಷ ಲೋಹದ ಪೆಟ್ಟಿಗೆ ಬಂತು. ಹೊರಗಿನ ಕಾಂತಕ್ಷೇತ್ರವನ್ನು ತನ್ನ ಗೋಡೆಯಲ್ಲೇ ಸುತ್ತಿಸಿ ಕಳುಹಿಸಿ, ಒಳಗಿದ್ದವರನ್ನು ನೆಮ್ಮದಿಯಾಗಿಡುವ ಪೆಟ್ಟಿಗೆ. ಆಯುಧಪೂಜೆಗೆ ಮನೆಯವರನ್ನೆಲ್ಲ ಕರೆದು ಅದಕ್ಕೆ ಕುಂಕುಮ ಹಚ್ಚಿದೆವು.

ಮರುದಿನ ಒಳಗೆ ಸೆನ್ಸರ್ ಇಟ್ಟರೆ, ಸೊನ್ನೆಯ ಹತ್ತಿರವಿರಬೇಕಾದ ಅಂಕಿ ಆಕಾಶದಲ್ಲಿತ್ತು.

"ಯಲ್ಲಾ, ಬೇಗ ಬೇಗ ಆ ಲಿಫ್ಟ್ ಬಂದ್ ಮಾಡ್ಸಿ ಮಾರಾಯ್ರೆ!" ಎಂದರು ಸಾಹೇಬರು. "ನಾಳೆ ಕಸ್ಟಮರ್ ಬರ್ತಾರೆ. ಇದು ಆಗದಿದ್ರೆ ಲ್ಯಾಬ್ ಖಲಾಸ್. ನಿಮ್ಮ ವೀಸಾ ಸಹ ರಿನ್ಯೂ ಆಗ್ಲಿಕ್ಕಿಲ್ಲ."

ಹೆಂಡತಿಯ ವೀಸಾ, ಮಗಳ ಶಾಲೆ ಎಲ್ಲ ನನ್ನ ವೀಸಾಕ್ಕೇ ಜೋತುಬಿದ್ದಿದ್ದವು. ನಿಜಕ್ಕೂ ಹೆದರಿದೆ. ಲಿಫ್ಟ್ ನಿಂತಿತು. ಮೇಲಿನ ಮಹಡಿಯ ಕಂಪನಿಯವರು ತಮ್ಮ ಸರಕು ಹೊತ್ತು ಮೆಟ್ಟಿಲು ಹತ್ತುತ್ತ ನಮಗೆ ಹಲವು ಭಾಷೆಗಳಲ್ಲಿ ಸಹಸ್ರನಾಮ ಹೇಳಿದರು. ಅಂಕಿ ಮಾತ್ರ ಕದಲಲಿಲ್ಲ.

ಅಂದರೆ ಕಳ್ಳ ಒಳಗೇ ಇದ್ದಾನೆ. ಟಾರ್ಚ್ ಹಿಡಿದು ಪೆಟ್ಟಿಗೆಯೊಳಗೆ ತಲೆ ತೂರಿಸಿದೆ. ಸೆನ್ಸರ್ ಪೀಠದ ಹಿಂದಿನ ಮೂಲೆಯಲ್ಲಿ, ನನ್ನ ಕಾರಿನಲ್ಲಿರಬೇಕಿದ್ದ ಪುಟ್ಟ ಗಣಪತಿ. ತಳದಲ್ಲಿ ಅಯಸ್ಕಾಂತ. ಗಟ್ಟಿಯಾಗಿ ಕಚ್ಚಿಕೊಂಡು ಕೂತಿದ್ದ.

ಹೆಂಡತಿಗೆ ಫೋನ್ ಮಾಡಿದೆ.

"ಹೌದು, ನಿನ್ನೆ ಪೂಜೆ ಹೊತ್ತಿಗೆ ನಾನೇ ಇಟ್ಟದ್ದು. ಕೆಲಸ ಹೋಗ್ತದೆ ಅಂತ ನಿದ್ದೆಯಲ್ಲೂ ಗೊಣಗ್ತಿದ್ರಲ್ಲ ನೀವು. ಹೊರಗಿಟ್ರೆ ಯಾರಾದ್ರೂ ತೆಗೀತಾರೆ ಅಂತ ಒಳಗೇ ಇಟ್ಟೆ. ಯಾಕೆ, ಸರಿ ಆಗ್ಲಿಲ್ವಾ?"

ಬೈಯಲು ಹೊರಟವನು ಗಣಪತಿಯನ್ನು ಮೆಲ್ಲಗೆ ಕಿತ್ತು ಹೊರತೆಗೆದೆ. "ಸರಿ ಆಗ್ತಾ ಉಂಟು," ಎಂದೆ.

ಪೆಟ್ಟಿಗೆಗೆ ಅಂಟಿದ್ದ ಕಾಂತತ್ವವನ್ನು ಬಿಡಿಸಿ, ಗಣಪತಿಯನ್ನು ಆಚೆ ಕೋಣೆಯ ಕಬ್ಬಿಣದ ಬೀರುವಿನ ಮೇಲೆ, ಲಿಫ್ಟಿನತ್ತ ಮುಖಮಾಡಿಸಿ ಕೂರಿಸಿದೆ. ಅಂಕಿ ಇಳಿಯಿತು, ಕಸ್ಟಮರ್ ಒಪ್ಪಿದರು, ವೀಸಾ ಬಂತು. ದೇವರ ದೃಷ್ಟಿ ಬಿದ್ದ ಮೇಲೆ ಲಿಫ್ಟು ಬಾಲ ಮುದುರಿಕೊಂಡಿತೆಂದು ಸಾಹೇಬರು ಇಂದಿಗೂ ಬೀರುವಿಗೆ ಕೈಮುಗಿಯುತ್ತಾರೆ.

ತನ್ನ ಗಣಪತಿಯೇ ಕೆಲಸ ಉಳಿಸಿದನೆನ್ನುತ್ತಾಳೆ ಹೆಂಡತಿ. ಹೌದೆನ್ನುತ್ತೇನೆ. ಸುಳ್ಳೇನಲ್ಲ. ಅವನು ಹೊರಗೆ ಬಂದದ್ದರಿಂದಲೇ ನಾವು ಮೂವರೂ ಈ ದೇಶದೊಳಗೆ ಉಳಿದದ್ದು.