ರೀಲಿನಲ್ಲಿ ಉಳಿದ ಎಂಟು ನೆರಳು

ನಾನು ಹೆದರುಪುಕ್ಕಲ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ. ಟಿಕೇಟು ಕೈಯಲ್ಲೇ ಇದ್ದರೂ ಬಸ್ಸಿಗೆ ತಪಾಸಣೆಯವರು ಹತ್ತಿದರೆ ನನ್ನ ಎದೆ ಹೊಡೆದುಕೊಳ್ಳುತ್ತದೆ. ಕಚೇರಿಯಲ್ಲಿ ಸಾಹೇಬರು ಕರೆದರೆ, ನಾನು ಮಾಡಿರಬಹುದಾದ ತಪ್ಪುಗಳನ್ನೆಲ್ಲ ನೆನಪಿಸಿಕೊಂಡು, ಅವುಗಳಲ್ಲಿ ಒಂದನ್ನು ಆರಿಸಿ, ಅದಕ್ಕೊಂದು ಕ್ಷಮಾಪಣೆಯನ್ನೂ ಜೋಡಿಸಿಕೊಂಡು ಒಳಗೆ ಹೋಗುತ್ತೇನೆ. ಅವರು ಕೇಳುವುದು ಗೋಂದಿನ ಬಾಟಲಿ ಎಲ್ಲಿದೆ ಎಂದು. ಇಂಥವನು ಬಂದೂಕು ಹಿಡಿದ ಪಹರೆಯವನ ಮುಂದೆ ಎರಡೂ ಕೈ ಎತ್ತಿ ನಿಂತದ್ದು ಹೇಗೆ ಎಂದು ನೀವು ಕೇಳಬಹುದು. ನೆರಳಿನ ದೆಸೆಯಿಂದ.

ತೊಂಬತ್ತರ ದಶಕದ ಕೊನೆಯ ಮಾತು. ವರ್ಗವಾಗಿ ನಾಗಪುರಕ್ಕೆ ಬಂದು, ಮಹಾಲ್ ಎಂಬ ಹಳೇ ಪೇಟೆಯ ವಾಡೆಯೊಂದರ ಮಾಳಿಗೆಯಲ್ಲಿ ನಾನೂ ನನ್ನ ಹೆಂಡತಿ ಗಿರಿಜಾ ಎರಡು ಕೋಣೆ ಹಿಡಿದಿದ್ದೆವು. ಬರುವಾಗ ಒಂದು ಹಳೆಯ ಕ್ಯಾಮೆರಾವನ್ನೂ ತಂದಿದ್ದೆ. ಜನ ಕ್ಯಾಮೆರಾ ಕೊಳ್ಳುವುದು ಜನರ ಫೋಟೋ ತೆಗೆಯಲು. ನನಗೆ ಮಾತ್ರ ಕಟ್ಟಡಗಳ ಮೇಲೆ ಬೀಳುವ ಉದ್ದುದ್ದ ನೆರಳಿನ ಹುಚ್ಚು. ಸಂಜೆ ನಾಲ್ಕೂವರೆ ಆಯಿತೆಂದರೆ ಮಹಾಲ್‌ನ ಓಣಿಯಲ್ಲಿ ಒಂದು ಕಡೆಯ ಗೋಡೆ ಬೆಳ್ಳಗೆ ಉರಿಯುತ್ತಿರುತ್ತದೆ, ಎದುರಿನ ಗೋಡೆ ಕಾಡಿಗೆ ಹಚ್ಚಿದ ಹಾಗೆ ಕಪ್ಪು. ಸಿವಿಲ್ ಲೈನ್ಸ್‌ನ ಸರ್ಕಾರಿ ಬಂಗಲೆಗಳ ಕಂಬಗಳು ಹಗಲೆಲ್ಲ ಸಪ್ಪಗೆ ನಿಂತಿದ್ದು, ಆ ಹೊತ್ತಿಗೆ ಒಂದೊಂದೂ ತನ್ನ ಎರಡರಷ್ಟು ಉದ್ದ ಚಾಚಿಕೊಳ್ಳುತ್ತವೆ. ಕಪ್ಪು ಬಿಳುಪಿನ ರೀಲಿನಲ್ಲಿ ಇವನ್ನು ಹಿಡಿದರೆ ನಡುವೆ ಬೂದು ಬಣ್ಣಕ್ಕೆ ಜಾಗವೇ ಇರುವುದಿಲ್ಲ. ಇದ್ದರೆ ಬೆಳಕು, ಇಲ್ಲದಿದ್ದರೆ ಕತ್ತಲೆ. ಎಲ್ಲದರಲ್ಲೂ ಅನುಮಾನಪಡುವ ನನ್ನಂಥವನಿಗೆ ಅಷ್ಟು ಖಚಿತವಾದದ್ದು ಬೇರೆಲ್ಲಿಯೂ ಸಿಗುತ್ತಿರಲಿಲ್ಲ.

ನಾಗಪುರದ ಬಿಸಿಲಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಪುರಾಣದಲ್ಲಿ ಸೂರ್ಯನ ಹೆಂಡತಿ ಗಂಡನ ಝಳ ತಡೆಯಲಾಗದೆ, ತನ್ನ ನೆರಳನ್ನೇ ತನ್ನ ಜಾಗದಲ್ಲಿ ನಿಲ್ಲಿಸಿ, ಸದ್ದಿಲ್ಲದೆ ತವರಿಗೆ ಹೊರಟುಹೋದಳಂತೆ. ಸೂರ್ಯನಿಗೆ ಬಹುಕಾಲ ಗೊತ್ತೇ ಆಗಲಿಲ್ಲವಂತೆ. ನೆರಳಿನ ಜೊತೆಗೇ ಸಂಸಾರ ಮಾಡಿಕೊಂಡು, ಮಕ್ಕಳನ್ನೂ ಪಡೆದು ಹಾಯಾಗಿದ್ದನಂತೆ. ಇದನ್ನು ಮೊದಲು ಕೇಳಿದಾಗ ಇಂಥ ಗಂಡನೂ ಇರುತ್ತಾನೆಯೇ ಎಂದು ನಕ್ಕಿದ್ದೆ. ಆಮೇಲೆ ಅಷ್ಟು ಧೈರ್ಯವಾಗಿ ನಗಲು ಆಗಲಿಲ್ಲ.

ಗಿರಿಜಾಗೆ ಏಳು ತಿಂಗಳಾದಾಗ ನಮ್ಮ ಮನೆಯಲ್ಲೇ ಕುಬಸ ಮಾಡಿದೆವು. ಕುಬಸ ಅಂದರೆ ನಮ್ಮ ಕಡೆಯ ಸೀಮಂತ. ತಾಯಿಯಿಲ್ಲದ ಅವಳನ್ನು ಬೆಳೆಸಿದ್ದು ಅಜ್ಜಿ. ಎಂಬತ್ತು ದಾಟಿದ ಆ ಅಜ್ಜಿ ಬಾಗಲಕೋಟೆ ಕಡೆಯ ಹಳ್ಳಿಯಿಂದ, ಗಿರಿಜಾಳ ತಮ್ಮನ ಕೈ ಹಿಡಿದು, ಸೊಲ್ಲಾಪುರದಲ್ಲಿ ಗಾಡಿ ಬದಲಿಸಿ, ಹಸಿರು ಸೀರೆ ಹಸಿರು ಬಳೆ ಹೊತ್ತುಕೊಂಡು ಬಂದರು. ಎರಡು ದಿನ ಇದ್ದು, "ಇನ್ನ ಇಷ್ಟು ದೂರ ನನ್ನ ಕೈಲೆ ಆಗೂದಿಲ್ಲ ಬಿಡವಾ" ಎಂದು ಹೇಳಿಯೇ ಹೊರಟರು. ಕುಬಸದ ದಿನ ನಾನು ಇಪ್ಪತ್ತೆಂಟು ಫೋಟೋ ತೆಗೆದೆ. "ಹಸರ ಸೀರಿ ಉಟ್ಟು ಕೂತಾಗ ಕರೇ-ಬಿಳೇ ಫೋಟೋ ಏನ್ರಿ?" ಎಂದು ಗಿರಿಜಾ ಗೊಣಗಿದಳು. ಬಣ್ಣ ಬರೀ ಕಣ್ಣನ್ನು ಮರುಳು ಮಾಡುತ್ತದೆ ಎಂದು ಅವಳಿಗೆ ಸಣ್ಣದೊಂದು ಉಪನ್ಯಾಸ ಕೊಟ್ಟೆ. ಆರತಿಯ ದೀಪ ಆರುವವರೆಗೂ ಕೊಟ್ಟೆ.

ಆ ಕಾಲದ ರೀಲಿನಲ್ಲಿ ಮೂವತ್ತಾರು ಚಿತ್ರ ಹಿಡಿಯುತ್ತಿದ್ದವು. ರೀಲು ಮುಗಿಯದೆ ತೊಳೆಸಲು ಕೊಡುವುದು ಆ ದಿನಗಳಲ್ಲಿ ಅನ್ನ ಚೆಲ್ಲಿದಷ್ಟೇ ಪಾಪ. ದೀಪಾವಳಿಗೆ ಹಾಕಿದ ರೀಲನ್ನು ಯುಗಾದಿಗೆ ಮುಗಿಸುವ ಮನೆಗಳಿದ್ದವು. "ಇದ್ದದ್ದನ್ನ ಜಲ್ದಿ ತೊಳಿಸಿಕೊಂಡ್ ಬರ್ರಿ, ಊರಿಗೆ ಹೋಗೂದ್ರಾಗ ನನಗ ಬೇಕು. ಅಜ್ಜಿಗೆ ತೋರಸ್ಬೇಕು" ಎಂದು ಗಿರಿಜಾ ಹೇಳಿದಳು. ಹೆರಿಗೆಗೆ ತವರಿಗೆ ಹೋಗಲು ಅವಳಿಗೆ ಇಪ್ಪತ್ತೆರಡು ದಿನಗಳಿದ್ದವು. ನನಗೋ ಉಳಿದ ಎಂಟು ಚಿತ್ರಗಳ ಆಸೆ. ಮುಂದಿನ ಭಾನುವಾರ ಸ್ಕೂಟರ್ ಹತ್ತಿ ಕಾಮಠಿಗೆ ಹೋದೆ.

ಕಾಮಠಿ ಹಳೆಯ ದಂಡಿನ ಊರು. ಅಲ್ಲಿ ಒಂದು ಆವರಣದ ಸುಣ್ಣ ಬಳಿದ ಉದ್ದನೆಯ ಗೋಡೆಯ ಮೇಲೆ, ರಸ್ತೆಯ ಎದುರು ಬದಿಗಿದ್ದ ದಂಡಿನ ನೀರಿನ ಟಾಂಕಿಯ ನೆರಳು ಬಿದ್ದಿತ್ತು. ಯಾವ ಆವರಣ ಎಂದು ಹೇಳುವುದಿಲ್ಲ, ಈಗಲೂ ಭಯ. ಟಾಂಕಿಯ ನಾಲ್ಕು ಕಬ್ಬಿಣದ ಕಾಲು, ನಡುವಿನ ಅಡ್ಡಪಟ್ಟಿ, ಏಣಿಯ ಒಂದೊಂದು ಮೆಟ್ಟಿಲು, ಎಲ್ಲವೂ ಓರೆಯಾಗಿ ಗೋಡೆಯುದ್ದಕ್ಕೂ ಹರಿದಿದ್ದವು. ನನಗೆ ಮೈಮೇಲೆ ಎಚ್ಚರವಿರಲಿಲ್ಲ. ಒಂದರ ಮೇಲೊಂದು ಎಂಟೂ ತೆಗೆದೆ. ಫೋಟೋ ತೆಗೆಯಬಾರದು ಎಂಬ ಫಲಕ ಅದೇ ಗೋಡೆಯ ಮೇಲಿತ್ತು. ಅದು ನೆರಳಿನ ಕಪ್ಪಿನೊಳಗೆ ಮುಳುಗಿಹೋಗಿತ್ತು.

ಹಿಂದಿನಿಂದ ಯಾರೋ ಗದರಿದರು. ತಿರುಗಿ ನೋಡಿದರೆ ಪಹರೆಯವನು, ಹೆಗಲಲ್ಲಿ ಬಂದೂಕು. ಏನು ತೆಗೆಯುತ್ತಿದ್ದೀಯ ಎಂದು ಹಿಂದಿಯಲ್ಲಿ ಕೇಳಿದ. ನೆರಳು ಎಂದೆ. ಯಾವುದರ ನೆರಳು? ಟಾಂಕಿಯದು. ಅಂದರೆ ಟಾಂಕಿಯ ಫೋಟೋ ತೆಗೆದೆ. ಇಲ್ಲ, ಟಾಂಕಿಯದಲ್ಲ, ಬರೀ ನೆರಳಿನದು. ಇಷ್ಟು ಹೊತ್ತಿಗೆ ನನ್ನ ಕೈಗಳು ತಾವಾಗಿಯೇ ಮೇಲೆ ಹೋಗಿದ್ದವು. ಅವನು ಹಾಗೆ ಹೇಳಿರಲೇ ಇಲ್ಲ. ಕ್ಯಾಮೆರಾದ ಹಿಂಬದಿ ತೆರೆಯಲು ಅವನು ಕೈ ಹಾಕಿದಾಗ ಮಾತ್ರ ನಾನು ಜನ್ಮದಲ್ಲಿ ಮೊದಲ ಸಲ ಒಬ್ಬ ಸಮವಸ್ತ್ರದವನ ಮೇಲೆ ಕೂಗಿಕೊಂಡೆ. ಬೆಳಕು ಬಿದ್ದರೆ ಎಲ್ಲ ಹೋಗುತ್ತದೆ, ಅದರಲ್ಲಿ ನನ್ನ ಹೆಂಡತಿಯ ಏಳು ತಿಂಗಳ ಕಾರ್ಯದ ಫೋಟೋ ಇವೆ ಎಂದು ಹಿಂದಿ, ಮರಾಠಿ, ಕನ್ನಡ ಮೂರರಲ್ಲೂ ಹೇಳಿದೆ. ಅವನು ಕೈ ತೆಗೆದ. ಒಳ್ಳೆಯವನು. ರೀಲನ್ನು ಹಿಂದಕ್ಕೆ ಸುತ್ತಿ ಅವನ ಅಂಗೈಯಲ್ಲಿಟ್ಟೆ.

ಒಳಗೆ ಒಬ್ಬ ಸುಬೇದಾರರು ಹಾಳೆ ಕೊಟ್ಟು, ನೆರಳಿನ ಫೋಟೋ ಏಕೆ ತೆಗೆದೆ ಎಂದು ಬರೆದುಕೊಡಲು ಹೇಳಿದರು. ಅದುವರೆಗೂ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಸೌಂದರ್ಯಕ್ಕಾಗಿ ಎಂದು ಬರೆದೆ, ಹೊಡೆದುಹಾಕಿದೆ. ಬೆಳಕು ಕತ್ತಲೆಗಳ ಸಂಬಂಧ ಎಂದು ಶುರುಮಾಡಿದೆ. ಅದು ಗುಪ್ತ ಸಂದೇಶದ ಹಾಗೆ ಕಂಡು ಬೆವರಿ, ಅದನ್ನೂ ಹೊಡೆದೆ. ಹೊಡೆದುಹಾಕಿದ್ದೇ ಹೆಚ್ಚು ಅನುಮಾನಕ್ಕೆ ಎಡೆಮಾಡುತ್ತದೆ ಎಂದು ಹೊಸ ಹಾಳೆ ಕೇಳಿದೆ. ಸುಬೇದಾರರು ನಿಟ್ಟುಸಿರು ಬಿಟ್ಟು, "ಶೌಕ್ ಲಿಖೋ, ಭಾಯಿ" ಎಂದರು. ಹವ್ಯಾಸ ಎಂದು ಬರೆಯಪ್ಪ ಅಂತ. ನಾನು ಅರ್ಧ ಗಂಟೆ ಹುಡುಕಿದ್ದು ಅವರ ಬಾಯಲ್ಲಿ ಒಂದೇ ಪದವಾಗಿತ್ತು. ರೀಲನ್ನು ಪರೀಕ್ಷೆ ಮಾಡಿಸುತ್ತೇವೆ, ಆಮೇಲೆ ಬಂದು ವಿಚಾರಿಸು ಎಂದು ಕಳಿಸಿದರು.

ಇದಾವುದನ್ನೂ ಗಿರಿಜಾಗೆ ನಾನು ಹೇಳಲಿಲ್ಲ. ಬಸುರಿ ಹೆಂಗಸಿಗೆ ಆತಂಕವಾಗಬಾರದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜವಾಗಿ ಹೆದರಿದ್ದು ಅವಳಿಗೆ. ಸೀತಾಬರ್ಡಿ ಪೇಟೆಯ ಸ್ಟುಡಿಯೋದಲ್ಲಿ ರೀಲು ತೊಳೆಯುವ ಔಷಧ ತೀರಿದೆ ಎಂದೆ. ಒಂದು ವಾರದ ಮೇಲೆ, ಔಷಧ ಬಂದಿದೆ, ಮಾಲೀಕನಿಗೆ ಜ್ವರ ಎಂದೆ. "ಅಷ್ಟಾದ್ರೂ ಸೀತಾಬರ್ಡಿ ಏನ ದೂರ? ನಾನಽ ಆಟೋ ಮಾಡ್ಕೊಂಡ್ ಹೋಗಿ ಕೇಳ್ತೀನಿ" ಎಂದು ಅವಳು ಚಪ್ಪಲಿ ಮೆಟ್ಟಿದಾಗ, ಮಾಲೀಕನ ಜ್ವರವನ್ನು ಅಂಟುರೋಗದ ಮಟ್ಟಕ್ಕೆ ಏರಿಸಬೇಕಾಯಿತು. ಓಣಿಯ ತುದಿಯ ಚಹಾದಂಗಡಿಯಲ್ಲಿ ಒಬ್ಬ ಎರಡು ದಿನ ಒಂದೇ ಬಣ್ಣದ ಅಂಗಿ ಹಾಕಿ ಕೂತಿದ್ದ. ಅವನು ನನ್ನ ಮೇಲೆ ಕಣ್ಣಿಡಲು ಬಂದವನೆಂದು ಮೂರು ದಿನ ಸುತ್ತು ಬಳಸಿ ಮನೆಗೆ ಬಂದೆ. ಆಮೇಲೆ ತಿಳಿಯಿತು, ಅವನು ಅಂಗಡಿಯವನ ಭಾವಮೈದುನ. ಕೆಲಸ ಹೋಗುತ್ತದೆ ಅನ್ನಿಸುತ್ತಿತ್ತು. ಆದರೆ ಅದಕ್ಕಿಂತ ಹೆಚ್ಚಾಗಿ, ಅಜ್ಜಿ ಇನ್ನು ಬರುವುದಿಲ್ಲ, ಆ ಇಪ್ಪತ್ತೆಂಟು ಚಿತ್ರ ಮತ್ತೆ ಸಿಗುವುದಿಲ್ಲ ಅನ್ನಿಸುತ್ತಿತ್ತು. ಎಂಟು ನೆರಳಿನ ಆಸೆಗೆ ಅವನ್ನು ಪಣವಿಟ್ಟಿದ್ದೆ. ನನ್ನ ಮೇಲೆ ನನಗೇ ನಾಚಿಕೆಯಾಗುತ್ತಿತ್ತು.

ಕಾಮಠಿಗೆ ಎರಡು ಸಲ ಹೋಗಿ ಬರಿಗೈಯಲ್ಲಿ ಬಂದೆ. ಮೂರನೆಯ ಸಲ ಹೋದದ್ದು ಗಿರಿಜಾ ಹೊರಡುವ ಹಿಂದಿನ ದಿನ. ಸುಬೇದಾರರು ನನ್ನನ್ನು ಕಂಡು ನಕ್ಕರು. ರೀಲನ್ನು ತಾವೇ ತೊಳೆಸಿದ್ದರು. ಸುರುಳಿಯನ್ನು ಕೈಗಿಟ್ಟು, ಮನೆಯಲ್ಲಿ ಒಳ್ಳೆಯ ಸುದ್ದಿ ಇದೆ, ಅಭಿನಂದನೆ ಎಂದರು. ಆಮೇಲೆ ಕೊನೆಯ ಎಂಟು ಚಿತ್ರಗಳ ಮೇಲೆ ಬೆರಳಿಟ್ಟು, ನಮ್ಮವರು ಭೂತಗನ್ನಡಿ ಹಿಡಿದು ಎಷ್ಟು ನೋಡಿದರೂ ಇವುಗಳಲ್ಲಿ ಏನೂ ಸಿಗಲಿಲ್ಲ, "ಕುಛ್ ಭೀ ನಹೀಂ ಹೈ" ಎಂದರು. ಬಿಡುಗಡೆಯಾದ ಸಂತೋಷದಲ್ಲಿ ಕಾಲಿಗೆ ಬೀಳಬೇಕಾದವನು ನಾನು. ಆದರೆ ನೋಡಿ ಮನುಷ್ಯನ ಅಹಂಕಾರ, ಆ ಏಣಿಯ ಓರೆಯನ್ನಾದರೂ ಗಮನಿಸಿದಿರಾ ಎಂದು ಕೇಳಲು ಬಾಯಿ ತೆರೆದೇಬಿಟ್ಟಿದ್ದೆ. ಹೇಗೋ ನುಂಗಿಕೊಂಡು ಹೊರಬಿದ್ದೆ.

ಸೀತಾಬರ್ಡಿಯ ಸ್ಟುಡಿಯೋದಲ್ಲಿ ಅಂದೇ ಕೂತು ಪ್ರಿಂಟು ಹಾಕಿಸಿ, ಲಕೋಟೆಯನ್ನು ನೋಡದೆಯೇ ಮನೆಗೆ ಓಡಿದೆ. ಗಿರಿಜಾ ಟ್ರಂಕು ತುಂಬುತ್ತಿದ್ದಳು. ನೆಲದ ಮೇಲೆ ಕೂತು ಒಂದೊಂದೇ ತೆಗೆದು ನೋಡಿದಳು. ಹತ್ತು ನೋಡಿದಳು, ಹದಿನೈದು ನೋಡಿದಳು. ಅವಳ ಮುಖ ಅರಳಲಿಲ್ಲ.

"ಅಜ್ಜಿ ಎಲ್ಲಿ?" ಎಂದಳು.

ಬಗ್ಗಿ ನೋಡಿದೆ. ಕುಬಸದ ದಿನ ಅವರನ್ನು ಪಡುವಣ ಕಿಟಕಿಯ ಪಕ್ಕ ಕೂಡಿಸಿದ್ದವನು ನಾನೇ. ಬಿಸಿಲು ಓರೆಯಾಗಿ ಬೀಳುವ ಹೊತ್ತಿಗಾಗಿ ಅರ್ಧ ಗಂಟೆ ಕಾಯಿಸಿದ್ದವನೂ ನಾನೇ. ಕಿಟಕಿಯ ಸರಳುಗಳ ನೆರಳು ಬಹಳ ಚೆನ್ನಾಗಿ ಬಂದಿತ್ತು. ಗಿರಿಜಾ ಅರ್ಧ ಮಾತ್ರ ಇದ್ದಳು. ಅಜ್ಜಿ ಪೂರ್ತಿ ಕಪ್ಪಿನೊಳಗಿದ್ದರು. ಬಳೆ ತೊಡಿಸುತ್ತಿದ್ದ ಅವರ ಕೈಯೊಂದು ಬೆಳಕಿಗೆ ಚಾಚಿತ್ತು.

"ಇಲ್ಲೇ ಅದಾರಲ್ಲ. ಈ ಕೈ ಅವರದಽ" ಎಂದೆ.

"ಕೈ ನನಗೂ ಕಾಣತೈತ್ರಿ. ಮಾರಿ?"

ಮಾರಿ ಎಂದರೆ ಮುಖ. ಒಂದರಲ್ಲಿಯೂ ಅದು ಇರಲಿಲ್ಲ. ಆಗ ನಾನು ಕಾಮಠಿಯ ಕತೆಯನ್ನೆಲ್ಲ ಹೇಳಿಬಿಟ್ಟೆ, ಜ್ವರ ಬಾರದ ಸ್ಟುಡಿಯೋ ಮಾಲೀಕನವರೆಗೆ. ಅವಳು ಸಿಟ್ಟಾಗುತ್ತಾಳೆಂದು ಕಾದೆ. ಅವಳು ಫೋಟೋಗಳನ್ನು ಜೋಡಿಸಿ ಲಕೋಟೆಗೆ ಹಾಕುತ್ತ, "ಮಿಲಿಟ್ರಿಯವರು ಹಾಳ ಮಾಡಿದ್ರ ಅವರಿಗೆ ಬೈತಿದ್ದೆ. ಈಗ ಯಾರಿಗೆ ಬೈಲಿ?" ಎಂದಳು. ಅವಳ ಕಣ್ಣು ತುಂಬಿತ್ತು. ಇಷ್ಟು ದಿನ ನಾನು ಹೆದರಿದ್ದೆಲ್ಲ ಬೇರೆಯವರಿಗೆ. ಹಾಳುಮಾಡಿದವನು ಕುಬಸದ ದಿನವೇ, ಮನೆಯೊಳಗೇ, ಮಾಡಿ ಮುಗಿಸಿದ್ದ.

ಬೆಳಿಗ್ಗೆ, ಕರೆದೊಯ್ಯಲು ಬಂದಿದ್ದ ತಮ್ಮನ ಜೊತೆ ಅವಳು ಗಾಡಿ ಹತ್ತಿದಳು. ಹದಿನೈದು ದಿನಕ್ಕೆ ಕಾಗದ ಬಂತು. ಒಡೆಯಲು ಧೈರ್ಯವಾಗದೆ ಒಂದು ಲೋಟ ನೀರು ಕುಡಿದು ಒಡೆದೆ. ಫೋಟೋಗಳನ್ನು ಅಜ್ಜಿಗೆ ತೋರಿಸಿದ್ದಳಂತೆ. ಅಜ್ಜಿ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿದ್ದಳು: "ನನ್ನ ಮಾರಿ ಬಂದಿಲ್ಲಂತ ಅಳಿಯಾರಿಗೆ ಏನೂ ಅನಬ್ಯಾಡವಾ. ಎರಡ ದಿನ ಅವರ ಮನ್ಯಾಗ ಇದ್ದೆ, ಅವರ ಮಾರಿ ನಾನೂ ನೋಡಿಲ್ಲ. ಯಾವಾಗ ನೋಡಿದ್ರೂ ಆ ಡಬ್ಬಿ ಅಡ್ಡ ಹಿಡ್ಕೊಂಡಿರ್ತಿದ್ರು."

ಕಾಗದವನ್ನು ಮಡಿಸಿಟ್ಟೆ. ಅಷ್ಟು ದೂರದಿಂದ ಬಂದ ಮುದುಕಿಯೊಡನೆ, ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಎಂಬುದರ ಹೊರತು ನಾನು ಏನು ಮಾತಾಡಿದ್ದೆ ಎಂದು ನೆನಪಿಸಿಕೊಳ್ಳಲು ನೋಡಿದೆ. ಏನೂ ನೆನಪಾಗಲಿಲ್ಲ.

ಮಗಳ ತೊಟ್ಟಿಲ ಶಾಸ್ತ್ರಕ್ಕೆ ಊರಿಗೆ ಹೋದಾಗ ಕ್ಯಾಮೆರಾ ಚೀಲದಲ್ಲೇ ಇತ್ತು. ಅಜ್ಜಿಯ ಎದುರು ಚಾಪೆಯ ಮೇಲೆ ಕೂತೆ. ಕೈಯಲ್ಲಿ ಹಿಡಿಯಲು ಏನೂ ಇಲ್ಲ. ಸುಬೇದಾರರ ಎದುರು ಕೂಡ ಅಷ್ಟು ಬೆವರಿರಲಿಲ್ಲ. ಅಜ್ಜಿ ಮುಂದೆ ಬಾಗಿ, ನನ್ನ ಗಲ್ಲ ಹಿಡಿದು, ಮುಖವನ್ನು ಮೆಲ್ಲಗೆ ಬಾಗಿಲ ಬೆಳಕಿನ ಕಡೆಗೆ ತಿರುಗಿಸಿ, ನಿಧಾನವಾಗಿ ಹಣೆಯಿಂದ ಗದ್ದದವರೆಗೆ ನೋಡಿದರು. ಆಮೇಲೆ ಗಿರಿಜಾಳ ಕಡೆ ತಿರುಗಿ, "ಚಲೋ ಅದಾರಲ್ಲವಾ, ಇಷ್ಟ್ಯಾಕ ಹೆದರತಾರ?" ಎಂದು ಕೇಳಿದರು.