ಹುತುತು ಅನ್ನಬಾರದು

ದೇವರು ನಮ್ಮ ಸೀಮೆಗೆ ಮಳೆಯನ್ನು ಅಳೆದು ಕೊಟ್ಟ, ಕ ಅಕ್ಷರವನ್ನು ಮಾತ್ರ ಕೈ ಬಿಚ್ಚಿ ಸುರಿದ. ನಮ್ಮೂರು ಕನಕಗಿರಿ, ಆಚೆ ಕುಷ್ಟಗಿ, ಈಚೆ ಕೊಪ್ಪಳ. ನನ್ನ ಅಣ್ಣನಿಗೆ ಬಾರದ ಅಕ್ಷರವೂ ಅದೇ. ಅವನು ಉಗ್ಗ. ಬೇರೆ ಮಾತು ಹೇಗೋ ಕುಂಟುತ್ತ ಹೊರಬೀಳುತ್ತಿತ್ತು. ಕ ಎದುರಾದರೆ ಮುಖ ಕೆಂಪಾಗಿ, ಕತ್ತಿನ ನರ ಉಬ್ಬಿ ಅಲ್ಲೇ ನಿಂತುಬಿಡುತ್ತಿದ್ದ. ಯಾರಾದರೂ ಊರು ಕೇಳಿದರೆ ಕನಕಗಿರಿ ಎನ್ನಲಾಗದೆ ಹುಲಿಹೈದರ ಅನ್ನುತ್ತಿದ್ದ. ಹತ್ತಿರದ ಊರು ತಾನೆ, ದೊಡ್ಡ ಸುಳ್ಳೇನಲ್ಲ. "ಹು" ಮಾತ್ರ ಅವನ ಬಾಯಲ್ಲಿ ಎಂದೂ ತಡೆಯುತ್ತಿರಲಿಲ್ಲ.

ಅದಕ್ಕೇ ಇರಬೇಕು, ಹುತುತು ಆಟದಲ್ಲಿ ಅವನನ್ನು ಹಿಡಿಯುವವರಿರಲಿಲ್ಲ. ಸೋದರತ್ತೆಯ ಮನೆಯಲ್ಲಿದ್ದುಕೊಂಡು ನಾವಿಬ್ಬರೂ ಗಂಗಾವತಿಯಲ್ಲಿ ಸಾಲೆ ಕಲಿಯುತ್ತಿದ್ದೆವು. ನಿಜಾಮರ ಕಾಲ, ಪಾಠವೆಲ್ಲ ಉರ್ದುವಿನಲ್ಲಿ. ಪಕ್ಕದ ತರಗತಿಯಿಂದ ನಗು ಕೇಳಿಸಿದರೆ ಅಣ್ಣನನ್ನು ಎಬ್ಬಿಸಿ ನಿಲ್ಲಿಸಿದ್ದಾರೆಂದು ನನಗೆ ಗೊತ್ತಾಗುತ್ತಿತ್ತು. ಸಂಜೆ ಅದೇ ಹುಡುಗರ ನಡುವೆ ಗೆರೆ ದಾಟಿ, ಒಂದೇ ಉಸಿರಿನಲ್ಲಿ ಹುತುತು ಹುತುತು ಎನ್ನುತ್ತ ಬೇಕಾದವರನ್ನು ಮುಟ್ಟಿ ಬರುತ್ತಿದ್ದ. ಆಗ ನಗಲಿ ನೋಡೋಣ ಯಾರಾದರೂ!

ಅಪ್ಪನಿಗೆ ಕನಕಗಿರಿಯಲ್ಲಿ ಅರಿವೆ ಅಂಗಡಿ. ದೊಡ್ಡ ಮಗನನ್ನು ಸಾಲೆ ಬಿಡಿಸುವ ಯೋಚನೆ ಅವರದು. "ಬಾಯಿ ತೆಗಿಲಾರದವಗ ಸಾಲಿ ಯಾಕ್ರಿ ಮಾಸ್ತರ? ಅಂಗಡ್ಯಾಗ ಅರಿವಿ ಮಡಚಿಕೋತ ಕುಂದರ್ಲಿ" ಎಂದು ಡ್ರಿಲ್ ಮಾಸ್ತರರ ಮುಂದೆ, ಅಣ್ಣನ ಎದುರಿಗೇ ಅಂದರು.

"ನಾಕು ತಾಲೂಕಿನ ಆಟ ಮುಗಿಯೂತನ ತಡೀರಿ. ಕೊಪ್ಪಳಕ್ಕ ನೀವೂ ಬರ್ರಿ, ನಿಮ್ಮ ಮಗ ಎಂಥಾವ ಅದಾನ ನೋಡ್ರಿ. ಆಮ್ಯಾಲೆ ಮಾತಾಡೂಣು" ಎಂದರು ಮಾಸ್ತರರು. ಅಪ್ಪ ಒಪ್ಪಿದರು. ಅಣ್ಣನ ಓದೆಲ್ಲ ಆ ಒಂದು ಆಟಕ್ಕೆ ಗಂಟುಬಿತ್ತು.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಈ ನಾಲ್ಕು ಕಡೆಯ ಸಾಲೆಗಳು ಸೇರಿ ನಡೆಸುತ್ತಿದ್ದ ಪಂದ್ಯಗಳು ಅವು. ನಾವು ಎತ್ತಿನ ಗಾಡಿಯಲ್ಲಿ ಹೋದೆವು. ಆಟಕ್ಕೆ ಮೊದಲು ಮಾಸ್ತರರೆಲ್ಲರ ಬೈಠಕ್. ಓಟಕ್ಕೆ ಸೀಟಿ ಊದಬೇಕೋ, ಏಕ್ ದೋ ತೀನ್ ಅನ್ನಬೇಕೋ ಎಂಬುದಕ್ಕೇ ಬಹಳ ಹೊತ್ತು ಜಗಳವಾಯಿತಂತೆ. ಕೊನೆಗೆ ಹುತುತು ಮಾತು ಬಂತು. ಒಬ್ಬೊಬ್ಬರು ಒಂದೊಂದು ಪದ ಹಿಡಿದರೆ ಉಸಿರು ಕಡಿದದ್ದು ತಿಳಿಯುವುದಿಲ್ಲ, ಎಲ್ಲರೂ ಕಬಡ್ಡಿ ಅಂತಲೇ ಅನ್ನಲಿ ಎಂದರು ತೀರ್ಪು ಕೊಡುವ ಪಂಚರಾಗಿ ಬಂದಿದ್ದ ಸಾಹೇಬರು. ಸೀಟಿಗಾಗಿ ಗಂಟಲು ಹರಿದುಕೊಂಡಿದ್ದ ನಮ್ಮ ಮಾಸ್ತರರು ಇದಕ್ಕೆ ಸುಮ್ಮನೆ ತಲೆಯಾಡಿಸಿ ಎದ್ದು ಬಂದರು. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

"ಹುತುತು ಅನಬಾರದಂತ್ರಲೇ. ಕಬಡ್ಡಿ ಅನ್ರಿ. ಯಾವದಾದ್ರೇನು, ಉಸುರು ಒಂದ ಅಲ್ಲೇನು?" ಎಂದವರು ಅಣ್ಣನ ಮುಖ ನೋಡಿದರು. ಆಗ ಹೊಳೆಯಿತು ಅವರಿಗೆ. ಸಾಹೇಬರ ಹತ್ತಿರ ಓಡಿದರು, ಕೈ ಮುಗಿದರು. ಒಬ್ಬ ಹುಡುಗನಿಗಾಗಿ ಕಾಯಿದೆ ಬದಲಾಗುವುದಿಲ್ಲ ಎನ್ನಿಸಿಕೊಂಡು ಬಂದರು.

"ನೀ ಹೋಗಬ್ಯಾಡ ಅಣ್ಣಾ. ಬಂದವರನ್ನ ಹಿಡಿಯಾಕಷ್ಟ ನಿಲ್ಲು" ಅಂದೆ ನಾನು. ಅವನು ಜನರ ನಡುವೆ ಕೂತಿದ್ದ ಅಪ್ಪನ ಕಡೆ ಬೆರಳು ತೋರಿಸಿದ.

ಕುಷ್ಟಗಿಯವರ ಮೇಲೆ ಆಟ. ಅಣ್ಣ ಗೆರೆಯ ಹತ್ತಿರ ಬಂದು ಬಾಯಿ ತೆರೆದ. "ಕ... ಕ... ಕ..." ಅದೇನೋ ಹೊಸ ವರಸೆಯೆಂದು ಎದುರಿನ ಹುಡುಗರು ಮೊದಲು ಹಿಂದೆ ಸರಿದರು. ತಿಳಿದ ಮೇಲೆ ಅವರೂ ಕೋಳಿಯ ಹಾಗೆ ಕ ಕ ಕ ಎನ್ನತೊಡಗಿದರು. ಬಯಲೆಲ್ಲ ನಕ್ಕಿತು. ಅಣ್ಣ ಕಣ್ಣು ಮುಚ್ಚಿ ತೆರೆದವನೇ ಹುತುತು ಹುತುತು ಎನ್ನುತ್ತ ಒಳಗೆ ನುಗ್ಗಿದ. ಅಂಥ ಆಟ ನಾನು ಮತ್ತೆ ನೋಡಿಲ್ಲ. ಇಬ್ಬರು ಕಾಲಿಗೆ ಜೋತುಬಿದ್ದರೂ ಎಳೆದುಕೊಂಡೇ ಬಂದು ಗೆರೆ ಮುಟ್ಟಿದ. ಉಸಿರು ಕಡಿದಿರಲಿಲ್ಲ. ಸಾಹೇಬರು ಸೀಟಿ ಊದಿ ಅವನ ಕಡೆಗೇ ಕೈ ಮಾಡಿದರು. ಔಟ್.

ಅಪ್ಪ ಎದ್ದು ಬಂದರು. ಬೈಯುತ್ತಾರೆ ಅಂದುಕೊಂಡೆ. ಅಣ್ಣನ ಮೈಮೇಲಿನ ಮಣ್ಣು ಕೊಡವಿ, ತಮ್ಮ ಶಲ್ಯ ಹೊದಿಸಿ, "ನಡಿ ತಮ್ಮಾ, ಮನಿಗೆ ಹೋಗೂಣು" ಅಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅಷ್ಟು ಮೆತ್ತಗೆ ಕರೆದರೆ ಒಲ್ಲೆ ಎನ್ನುವುದು ಹೇಗೆ? ಅಣ್ಣ ಮತ್ತೆ ಸಾಲೆಗೆ ಬರಲಿಲ್ಲ.

ಕೆಲವು ವರ್ಷಗಳ ಮೇಲೆ ಅವನಿಗೆ ಮಗಳು ಹುಟ್ಟಿದಾಗ ಕೂಸನ್ನು ನೋಡಲು ಊರಿಗೆ ಹೋಗಿದ್ದೆ. ಅಷ್ಟರಲ್ಲಿ ಅವನು ಮಾತನ್ನೇ ಬಿಟ್ಟಂತಾಗಿದ್ದ; ಅಂಗಡಿಯಲ್ಲಿ ಗಿರಾಕಿಗಳೊಡನೆ ಕೈಸನ್ನೆಯಲ್ಲೇ ವ್ಯಾಪಾರ. ಒಳಮನೆಯಿಂದ ಸಣ್ಣ ದನಿ ಕೇಳಿಸಿತು, ಹೋಗಿ ಇಣುಕಿದೆ. ಅಣ್ಣ ತೊಟ್ಟಿಲು ತೂಗುತ್ತ ಹುತುತು ಹುತುತು ಅನ್ನುತ್ತಿದ್ದ, ಉದ್ದಕ್ಕೆ, ಎಲ್ಲೂ ತಡವರಿಸದೆ. ಕೂಸು ಪಿಳಿಪಿಳಿ ಕಣ್ಣು ಬಿಟ್ಟು ಅವನನ್ನೇ ನೋಡುತ್ತಿತ್ತು. ನನ್ನ ಸದ್ದಿಗೆ ತಲೆ ಎತ್ತಿದ. ಉಸಿರು ಅಲ್ಲೇ ಕಡಿಯಿತು.

"ಯಾ... ಯಾರಿಗೂ ಹೇಳಬ್ಯಾಡ" ಅಂದ.