ಪದಬಂಧಕ್ಕೆ ಬಂದ ಮಾರ್ಕೆಟ್ಟಿನ ಮಾತು

ಎರಡನೇ ಇಯತ್ತೆಗೆ ಸಾಲಿ ಬಿಟ್ಟವಳು ನಾನು. ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಲೇ ಕೂದಲು ಬೆಳ್ಳಗಾದವು. ಅಂಥ ನನ್ನನ್ನು ಮಗಳ ಮಗಳು ರಾಣೇಬೆನ್ನೂರಿನ ತನ್ನ ಸಾಲಿಯ ಪದಬಂಧ ಸ್ಪರ್ಧೆಗೆ ಜೋಡಿಯಾಗಿ ಕರೆದಳು ನೋಡ್ರಿ! ಮಕ್ಕಳ ಸಂಗಡ ಮನೆಯ ಹಿರಿಯರೊಬ್ಬರು ಇರಬೇಕಂತ. ಅವರ ಮನೆಯಲ್ಲೇ ನಮ್ಮ ಬೀಗರಿದ್ದಾರೆ, ರಿಟೈರ್ ಆದ ಮಾಸ್ತರು, ದಿನಾ ಪೇಪರಿನ ಪದಬಂಧ ತುಂಬುವವರು. ಅವರು ನಕ್ಕರು.

“ಬೀಗತ್ಯಾರ, ಕೂಸಿನ್ನ ನಗೆಪಾಟಲ ಮಾಡಬ್ಯಾಡ್ರಿ.”

ಎದಿಗೆ ಚುಚ್ಚಿತು. ನನಗೇನಾದರೂ ಆಗಲಿ, ನನ್ನಿಂದ ಆಕೆ ನಾಲ್ಕು ಮಂದಿ ಮುಂದೆ ತಲೆ ತಗ್ಗಿಸಬಾರದು.

ಹೋಗಿ ನೋಡಿದರೆ ಆ ದಿನದ ಪದಗಳೆಲ್ಲ ಒಂದೇ ಜಾತಿಯವು, ಮರ್ಯಾದೆ ಇಲ್ಲದವರ ನಡತೆ! ಸೊಕ್ಕು, ಧಿಮಾಕು... ಮಾರ್ಕೆಟ್ಟಿನವಳಿಗೆ ಇವನ್ನು ಯಾರು ಕಲಿಸಬೇಕು? ನಾನು ಕಿವಿಯಲ್ಲಿ ಹೇಳಿದೆ, ಆಕೆ ನಮ್ಮ ಬೋರ್ಡಿನ ಮೇಲೆ ಬರೆದಳು. ‘ತನ್ನನ್ನು ತಾನೇ ಹೊಗಳಿಕೊಳ್ಳುವುದು’ ಎಂಬುದಕ್ಕೆ ಮೇಲಿಂದ ಕೆಳಗೆ ‘ಬಡಾಯಿ’ ಬಂತು. ಕಡೆಗೆ ಅದರ ‘ಡಾ’ ನಡುವಿಟ್ಟುಕೊಂಡು ಅಡ್ಡ ಒಂದೇ ಪದ ಉಳಿಯಿತು: ‘ಕರೆದರೂ ಲೆಕ್ಕಿಸದ ನಡತೆ’. ಮೂರಕ್ಷರ.

ಹಿಂದೆ ಕುಂತಿದ್ದ ಬೀಗರಿಗೆ ತಡೆಯಲಾಗಲಿಲ್ಲ. “ಅಲಕ್ಷ್ಯ! ನಡುವ ‘ಲ’ ಬರಬೇಕು, ಆ ಬಡಾಯಿ ಅಳಸವಾ!”

ಆಕೆ ಡಸ್ಟರ್ ಎತ್ತಿಯೇ ಬಿಟ್ಟಳು. ನನಗೆ ನಾನು ಕೂಲಿ ಮಾಡುವ ಮೆಣಸಿನಕಾಯಿ ಅಂಗಡಿಯ ಗುಮಾಸ್ತ ಕಣ್ಣ ಮುಂದೆ ಬಂದ. “ಕುಡ್ಯಾಕ ನೀರಿಲ್ಲರಿ” ಎಂದರೆ ಮೊಬೈಲಿನಿಂದ ತಲೆ ಎತ್ತದೆ “ಹೂಂ, ಬರ್ತಾವ ತಗೋ” ಅನ್ನುವವ. ಸಾಲಾಗಿ ಕುಂತ ನಾವು ಹೆಂಗಸರು ಅವನ ಬೆನ್ನ ಹಿಂದೆ ಅದಕ್ಕೆ ಏನನ್ನುತ್ತೇವೋ ಅದೇ ಪದ!

ಆಕೆಯ ಕೈ ಹಿಡಿದೆ. “ಬಡಾಯಿ ಮುಟ್ಟಬ್ಯಾಡ. ಉಡಾಫೆ ಬರಿ.”

“ಆಯಿ, ಖರೇನ? ಅಜ್ಜಾರು ಮಾಸ್ತರು...”

“ಮಾಸ್ತರಿಗೆ ನಮ್ಮ ಗುಮಾಸ್ತ ಗೊತ್ತಿಲ್ಲ. ಬರಿ, ಲಗೂ!”

ಬರೆದಳು. ಟೀಚರ್ ಬಂದು ಒಂದೊಂದೇ ಮನೆ ಮುಟ್ಟಿ ನೋಡಿದರು. “ಎಲ್ಲಾ ಸರಿ! ಮೊದಲನೇ ನಂಬರ್!”

“ನಮ್ಮ ಆಯಿ ಹೇಳಿದ್ದು ರೀ! ನಮ್ಮ ಆಯಿ!” ನನ್ನ ಕೂಸು ಕುಣಿದು ಕುಣಿದು ಒದರಿತು. ಇಡೀ ಹಾಲ್ ಚಪ್ಪಾಳೆ!

ಬೀಗರು ಎದ್ದು ಬಂದರು. “ತಪ್ಪಾತ್ರಿ ಬೀಗತ್ಯಾರ.”

“ಇರ್ಲಿ ಬಿಡ್ರಿ. ಪೇಪರಿನ್ಯಾಗ ಇಂಥಾವು ಬಂದ್ರ ಫೋನ್ ಹಚ್ರಿ.”

ಬ್ಯಾಡಗಿ ಬಸ್ಸಿನಲ್ಲಿ ಕಂಡಕ್ಟರ್ ಅಂದ, “ಅಜ್ಜಿ, ಆಧಾರ್ ಕಾರ್ಡ್ ತೋರಸ್ರಿ.” ನಾನು ಮೊದಲು ಪ್ರೈಜಿನ ಸ್ಟೀಲ್ ಡಬ್ಬಿ ತೋರಿಸಿದೆ.